ಬಿಚ್ಚಿ ನೇಯ್ದ ಸೆರಗು

ನೇಕಾರರ ಊರೊಂದರಲ್ಲಿ ಸಾವಂತ್ರಿ ಎಂಬ ಹುಡುಗಿ ಇದ್ದಳು. ಅವಳ ಎಡಗೈಗೆ ಹುಟ್ಟಿನಿಂದಲೇ ಮೂರು ಬೆರಳು. ತಂದೆ ತೀರಿಹೋಗಿದ್ದ. ತಾಯಿ ಮಂದಿಯ ಮನೆಗಳಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಸಾವಂತ್ರಿಯನ್ನೂ ಅವಳ ತಂಗಿ ಕಸ್ತೂರಿಯನ್ನೂ ಸಾಕುತ್ತಿದ್ದಳು.

ಆ ಊರಿನ ಸೀರೆಗೊಂದು ವಿಶೇಷವಿತ್ತು. ಒಡಲು ನೂಲಿನದು, ಸೆರಗು ರೇಷ್ಮೆಯದು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಕೂದಲಿನಷ್ಟು ಸಣ್ಣ ಎಳೆ, ಅವೂ ಸಾವಿರಾರು. ಹತ್ತು ಬೆರಳಿದ್ದವರೇ ಉಸ್ಸಪ್ಪಾ ಎನ್ನುವ ಕೆಲಸ. ಸಾವಂತ್ರಿ ಕಲಿತರೆ ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದಳು.

ಊರಿನ ಹಿರಿಯ ನೇಕಾರ ಚನ್ನಮಲ್ಲಪ್ಪಜ್ಜ ಅವಳ ಕೈ ಹಿಡಿದು ತಿರುಗಿಸಿ ನೋಡಿದ. "ಹಲ್ಲು ಗಟ್ಟಿ ಅದಾವೇನು?" ಎಂದು ಕೇಳಿದ.

"ಅದಾವ್ರಿ ಅಜ್ಜಾ."

"ಹಂಗಾರ ಕುಂದ್ರು. ಬೆರಳಿಗೆ ಆಗದ್ದು ಹಲ್ಲಿಗೆ ಆಗತೈತಿ."

ಸಾವಂತ್ರಿ ಕುಳಿತಳು. ಎಳೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬೆರಳಲ್ಲಿ ಹೊಸೆದು ಕೊಂಡಿ ಹಾಕುವುದನ್ನು ಕಲಿತಳು. ತುಟಿ ಸೀಳಿ ರಕ್ತ ಬಂದರೂ ಬಿಡಲಿಲ್ಲ. ಕೊನೆಗೂ ಒಂದು ಸೀರೆ ನೇಯ್ದು ಮುಗಿಸಿದಳು. ಅದನ್ನು ಕಟ್ಟೆಯ ಮೇಲೆ ಹಾಸಿದ ದಿನ ಪಕ್ಕದ ಓಣಿಯ ಪಾರಕ್ಕ ಎತ್ತಿ ಬಿಸಿಲಿಗೆ ಹಿಡಿದಳು. ಒಂದು ಕಡೆ ಕೊಂಡಿ ತಪ್ಪಿ ಕಿಂಡಿ ಬಿದ್ದಿತ್ತು. ಪಾರಕ್ಕ ಆ ಕಿಂಡಿಯಲ್ಲಿ ಬೆರಳು ತೂರಿಸಿ, ಬೆರಳನ್ನು ಕುಣಿಸಿ, "ಮೂರು ಬೆರಳಿನ ಕೆಲಸ ನೋಡ್ರೆವಾ!" ಎಂದಳು. ನೆರೆದವರೆಲ್ಲ ನಕ್ಕರು. ಅಂದಿನಿಂದ ಊರಲ್ಲಿ ಯಾರ ರೊಟ್ಟಿ ಹರಿದರೂ, ಯಾರ ಗೋಡೆ ವಾಲಿದರೂ "ಮೂರು ಬೆರಳಿನ ಕೆಲಸ" ಎನ್ನುವುದೇ ರೂಢಿಯಾಯಿತು. ಊರ ಬಾಯಿಗೆ ಮುಚ್ಚಳ ಹಾಕಿದವರುಂಟೇ?

ಸಾವಂತ್ರಿ ಅಳಲಿಲ್ಲ. ಇನ್ನು ಮೇಲೆ ತನ್ನ ಮಗ್ಗದಿಂದ ತಪ್ಪಿರುವ ಅರಿವೆ ಹೊರಗೆ ಹೋಗಕೂಡದೆಂದು ಆಣೆ ಇಟ್ಟುಕೊಂಡಳು. ತಪ್ಪು ಕಂಡರೆ ಅಲ್ಲಿಯವರೆಗೂ ಬಿಚ್ಚುವುದು, ಮತ್ತೆ ನೇಯುವುದು. ಹಾಗೆ ವರ್ಷಗಳು ಉರುಳಿದವು. ಅವಳ ಸೀರೆಯಲ್ಲಿ ತಪ್ಪು ಹುಡುಕುವುದು ಬೆಣ್ಣೆಯಲ್ಲಿ ಕಲ್ಲು ಹುಡುಕಿದಂತೆ ಎಂದು ಜನ ಹೇಳತೊಡಗಿದರು. ದೂರದ ವ್ಯಾಪಾರಿಗಳು ಸಾವಂತ್ರಿಯ ಸೀರೆಯೇ ಬೇಕೆಂದು ಕಾದು ಕುಳಿತರು. ನಕ್ಕಿದ್ದ ಊರೇ ಈಗ ಹೊಗಳುತ್ತಿತ್ತು. ಆದರೆ ಸಾವಂತ್ರಿಯ ಕಿವಿಯಲ್ಲಿ ಹಳೆಯ ನಗುವೇ ಕೂತಿತ್ತು. ಹೊಗಳಿಕೆಗೆ ಅಲ್ಲಿ ಜಾಗವಿರಲಿಲ್ಲ.

ತಾಯಿ ಸತ್ತ ಮೇಲೆ ಸಾವಂತ್ರಿಯೇ ಕಸ್ತೂರಿಯನ್ನು ಬೆಳೆಸಿದಳು. ಕಸ್ತೂರಿಗೆ ಒಳ್ಳೆಯ ಕಡೆ ಗಂಡು ಗೊತ್ತಾಯಿತು. "ಮದವಿ ಅಕ್ಕಿಕಾಳಿಗೆ ಉಡೂ ಸೀರಿ ನಾನಽ ನೇಯತೀನಿ. ಬೀಗರು ಕಣ್ಣರಳಿಸಿ ನೋಡಬೇಕು" ಎಂದು ಸಾವಂತ್ರಿ ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಿದಳು. ಒಡಲು ಬೇಗನೆ ಮುಗಿಯಿತು. ಉಳಿದದ್ದು ಕೆಂಪು ರೇಷ್ಮೆಯ ಸೆರಗು, ಅದರ ಮೇಲೆ ಬಿಳಿಯ ಗೋಪುರಗಳ ಸಾಲು.

ಪೇಚಾಟ ಶುರುವಾದದ್ದು ಅಲ್ಲಿಯೇ. ಒಂದು ಗೋಪುರದ ತುದಿ ಒಂದೆಳೆ ಬಾಗಿದಂತೆ ಕಂಡಿತು. ಬಿಚ್ಚಿದಳು. ಮರುದಿನ ಅದು ನೆಟ್ಟಗಾಯಿತು, ಪಕ್ಕದ್ದು ದಪ್ಪ ಎನಿಸಿತು. ಅದನ್ನೂ ಬಿಚ್ಚಿದಳು. ಬೇರೆಯವರ ಸೀರೆಯಾಗಿದ್ದರೆ ಬಿಡುತ್ತಿದ್ದಳೋ ಏನೋ, ಇದು ತಂಗಿಯದು, ಬೀಗರ ಮುಂದೆ ಉಡುವಂಥದ್ದು. ನೇಯ್ದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚಾಯಿತು. ಮದುವೆಗೆ ವಾರ ಉಳಿದಾಗಲೂ ಸೆರಗು ಗೇಣುದ್ದ ಆಗಿರಲಿಲ್ಲ.

ಚನ್ನಮಲ್ಲಪ್ಪಜ್ಜ ಕೋಲೂರಿಕೊಂಡು ಬಂದ. ಹಾಸಿನ ಮೇಲೆ ಕೈ ಆಡಿಸಿದ. ರೇಷ್ಮೆಯ ಎಳೆಗಳ ಮೈಮೇಲೆ ಸಣ್ಣ ಸಣ್ಣ ಕೂದಲು ಎದ್ದಿದ್ದವು.

"ಮಗಳ, ಇದು ದನಾ ಕಟ್ಟೋ ಹಗ್ಗ ಅಲ್ಲ. ಬಿಚ್ಚಿ ಬಿಚ್ಚಿ ನೇಯ್ದರ ಅಡ್ಡ ಹೊಕ್ಕಿಗೇನೂ ಆಗೂದಿಲ್ಲ, ಹಾಸು ಸವೀತೈತಿ" ಎಂದ.

"ತಪ್ಪು ಕಂಡ ಮ್ಯಾಲ ಹೆಂಗ ಬಿಡ್ಲಿ ಅಜ್ಜಾ? ಮಂದಿ ಏನಂದಾರು?"

ಅಜ್ಜ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತ. "ನಿನ್ನ ಮಗ್ಗದಾಗ ಇಬ್ಬರು ಕುಂತೀರಿ ಮಗಳ. ನೇಯಾಕಿ ನೀನು, ಬಿಚ್ಚಾಕಿ ಪಾರಕ್ಕ. ಆಕಿ ಆವತ್ತು ನಕ್ಕು ಮನಿಗೆ ಹೋಗಿ ಉಂಡು ಮಲಗಿದಳು. ಆಕಿಗೆ ಅದರ ನೆನಪರ ಐತೋ ಇಲ್ಲೋ. ನೀ ಮಾತ್ರ ಆಕಿನ್ನ ಕರಕೊಂಡು ಬಂದು ದಿನಾ ಬಗಲಾಗ ಕುಂದ್ರಿಸ್ಕೊಂತಿ."

ಸಾವಂತ್ರಿಗೆ ಸಿಟ್ಟು ಬಂತು. ಹತ್ತು ಬೆರಳಿನವರಿಗೆ ಇದೆಲ್ಲ ಹೇಗೆ ತಿಳಿಯಬೇಕು ಎಂದುಕೊಂಡಳು. ಅಜ್ಜ ಹೋದ ಮೇಲೆ ಮತ್ತೊಂದು ಗೋಪುರ ಬಿಚ್ಚಿದಳು. ಮತ್ತೆ ನೇಯುತ್ತ ಹೊಕ್ಕು ಕೂರಿಸಲು ಮಗ್ಗದ ಹಣಿಗೆಯನ್ನು ಬಡಿದಾಗ ಒಂದು ಎಳೆ ಹರಿಯಿತು, ಅದರ ಪಕ್ಕದ್ದೂ ಹರಿಯಿತು. ನೋಡುನೋಡುತ್ತಿದ್ದಂತೆ ಸೆರಗಿನ ನಡುಮಧ್ಯದಲ್ಲಿ ಒಂದು ಹಿಡಿ ಎಳೆಗಳು ಜೋತುಬಿದ್ದವು.

ಸಾವಂತ್ರಿ ಲಾಳಿ ಕೈಬಿಟ್ಟು ಮುಖ ಮುಚ್ಚಿಕೊಂಡಳು. ಬೇರೆ ಹಾಸು ಹೂಡಲು ದಿನಗಳಿಲ್ಲ. ಅಷ್ಟೊಂದು ಸೀರೆಗಳನ್ನು ಊರವರಿಗೆ ನೇಯ್ದುಕೊಟ್ಟವಳ ಕೈಯಿಂದ ತಂಗಿಗೆ ಒಂದು ಸೆರಗು ಆಗಲಿಲ್ಲವಲ್ಲ ಎಂದುಕೊಂಡಳು.

ನೀರು ತಂದ ಕಸ್ತೂರಿ ಅದನ್ನು ನೋಡಿದಳು.

"ಅಂಗಡಿಯಿಂದ ಬ್ಯಾರೆ ಸೀರಿ ತರೂಣು ಬಿಡವಾ" ಎಂದಳು ಸಾವಂತ್ರಿ.

"ಹರದಿದ್ದು ಕೂಡಿಸಾಕ ಬರೂದಿಲ್ಲೇನು?"

"ಬರತೈತಿ. ಆದರ ಗಂಟು ಗಂಟು ಕಾಣತಾವು. ಬೀಗರ ಮುಂದ ನಿನ್ನ ಮರ್ಯಾದಿ ಹೋಗತೈತಿ."

ಕಸ್ತೂರಿ ಕೊಡ ಇಳಿಸಿದಳು. "ಅಕ್ಕಾ, ತಪ್ಪಿಲ್ಲದ ಸೀರಿ ಬೇಕಂತ ನಾ ಯಾವಾಗ ಕೇಳೀನಿ? ನೀ ನೇಯ್ದ ಸೀರಿ ಉಟ್ಟು ಹೋಗಬೇಕಂತ ಇತ್ತು, ಅಷ್ಟಽ. ಅದನ್ನ ಕೊಡಾಕ ಆಗೂದಿಲ್ಲಂದ್ರ ಹೇಳು, ಅಂಗಡಿಯದು ಉಡತೀನಿ."

ಈ ಮಾತು ಸಾವಂತ್ರಿಯ ಎದೆಗೆ ನಾಟಿತು. ತಂಗಿಯ ಆಸೆ ಒಂದು ಕಡೆ, ನಗುವ ಮಂದಿ ಇನ್ನೊಂದು ಕಡೆ. ಇಷ್ಟು ದಿನ ತಾನು ಯಾರಿಗಾಗಿ ನೇಯುತ್ತಿದ್ದೆ? ಅವಳು ಕೈಬಿಟ್ಟಿದ್ದ ಲಾಳಿಯನ್ನು ಎತ್ತಿಟ್ಟುಕೊಂಡಳು. ಆಮೇಲೆ ಹರಿದ ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿ, ಹೊಸ ಎಳೆ ಕೂಡಿಸಿ ಗಂಟು ಹಾಕಿದಳು. ಒಂದಾದ ಮೇಲೆ ಒಂದು, ಎಲ್ಲವನ್ನೂ ಕೂಡಿಸಿದಳು. ಗಂಟು ಬಂದಲ್ಲಿ ಗೋಪುರ ಸೊಟ್ಟಾಯಿತು. ಕೈ ಬಿಚ್ಚಲು ಹೋಯಿತು. ಹಿಂದಕ್ಕೆಳೆದುಕೊಂಡು ಲಾಳಿ ಎಸೆದಳು. ಮದುವೆಗೆ ಇನ್ನೂ ಎರಡು ದಿನವಿರುವಾಗಲೇ ಸೀರೆ ಮಗ್ಗದಿಂದ ಇಳಿಯಿತು.

ಮದುವೆಯ ದಿನ ಕಸ್ತೂರಿ ಅದನ್ನೇ ಉಟ್ಟಳು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಮದುಮಗಳಿಗೆ ಉಡಿ ತುಂಬುವ ಹೊತ್ತು ಬಂತು. ಮುತ್ತೈದೆಯರು ಸಾಲಾಗಿ ನಿಂತರು. ಮೊದಲು ಬಂದವಳು ಗಂಡಿನ ತಾಯಿ. ಕಸ್ತೂರಿ ಸೆರಗು ಒಡ್ಡಿದಳು. ಬೀಗತಿ ಸೆರಗಿನ ಅಡಿಗೆ ಕೈ ಹಿಡಿದವಳು ಹಾಗೆಯೇ ನಿಂತಳು.

"ಇದೇನವಾ, ಇಷ್ಟೊಂದು ಗಂಟದಾವಲ್ಲ!"

ಯಾವ ಮಾತಿಗೆ ಹೆದರಿ ಸಾವಂತ್ರಿ ಇಷ್ಟು ವರ್ಷ ನೇಯ್ದದ್ದನ್ನು ಬಿಚ್ಚಿದ್ದಳೋ ಆ ಮಾತು ತುಂಬಿದ ಹಂದರದಲ್ಲಿ ಬಂದುಬಿಟ್ಟಿತ್ತು. ಎಲ್ಲರೂ ಅವಳತ್ತ ನೋಡಿದರು. ಅವಳು ಎಡಗೈಯನ್ನು ತನ್ನ ಸೆರಗಿನ ಮರೆಗೆ ಸರಿಸಲು ಹೋದವಳು ಸರಿಸಲಿಲ್ಲ.

"ನೇಯುವಾಗ ಎಳಿ ಹರದಿದ್ದುವ್ರೀ. ನಾನಽ ಕೂಡಿಸೀನಿ" ಎಂದಳು.

"ಹಂಗೇನು" ಎಂದಳು ಬೀಗತಿ. ಗಂಟಿದ್ದ ಕಡೆ ಒಮ್ಮೆ ಜಗ್ಗಿ ನೋಡಿದಳು. "ಗಟ್ಟಿ ಐತಿ ಬಿಡು. ಸೆರಗು ಅಗಲ ಹಿಡಿ ಮಗಳ" ಎಂದು ಕಸ್ತೂರಿಯ ಉಡಿಗೆ ಅಕ್ಕಿ ಸುರಿದಳು. ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು ಇಟ್ಟಳು. ಆಮೇಲೆ ಮುಂದಿನವಳಿಗೆ ಜಾಗ ಬಿಟ್ಟಳು.

ಅಷ್ಟೇ. ಹಂದರ ಬೀಳಲಿಲ್ಲ, ಮದುವೆ ನಿಲ್ಲಲಿಲ್ಲ. ಸಾಲಿನಲ್ಲಿದ್ದ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಉಡಿ ತುಂಬಿದರು. ಸೆರಗು ಭಾರಕ್ಕೆ ಜಗ್ಗಿತು, ಒಂದು ಎಳೆಯೂ ಹರಿಯಲಿಲ್ಲ. ಕಸ್ತೂರಿ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನನ್ನು ನೋಡಿ ನಕ್ಕಳು. ಸಾವಂತ್ರಿಗೆ ಅಳು ಬಂತು. ಪಾರಕ್ಕ ನಕ್ಕ ದಿನ ಅಳದೆ ಉಳಿದಿದ್ದ ಅಳುವೂ ಅದರಲ್ಲಿ ಸೇರಿತ್ತು.

ನೀತಿ: ಕೊರತೆ ಇದ್ದರೂ ಹಟ ಹಿಡಿದು ಕಲಿಯುವುದು ದೊಡ್ಡ ಗುಣ, ಅದನ್ನು ಬಿಡಬೇಡಿ. ಆದರೆ ಎಂದೋ ನಕ್ಕವರ ಬಾಯಿ ಮುಚ್ಚಿಸಲೆಂದೇ ಕೆಲಸ ಮಾಡುತ್ತ ಹೋದರೆ, ನಮ್ಮನ್ನು ನಂಬಿ ಕಾದವರ ಕೈಗೆ ಏನೂ ಸಿಗದೆ ಹೋದೀತು. ಕುಂದೇ ಇಲ್ಲದಂತೆ ಮಾಡುತ್ತೇನೆಂದು ಮುಗಿಸದೇ ಇಟ್ಟದ್ದಕ್ಕಿಂತ, ಗಂಟು ಹಾಕಿಯಾದರೂ ಮುಗಿಸಿ ಕೊಟ್ಟದ್ದೇ ಮೇಲು.