ಆರಿದ ಒಲೆ, ಆರದ ಬಿಸಿ

“ಮನೆ ಬಿಟ್ಟು ಬಂದು ಎಷ್ಟೋ ವರ್ಷಗಳಾದವು, ಗುರುಗಳೇ. ಮನೆಯ ನೆನಪು ಮಾತ್ರ ನನ್ನನ್ನು ಏಕೆ ಬಿಟ್ಟಿಲ್ಲ?”

ಕೇಳಿದವನು ಮುರಿಗೆಪ್ಪ, ಮಠದ ಶಿಷ್ಯ. ಮರುದಿನ ಅವನಿಗೆ ವಿರಕ್ತನಾಗುವ ದೀಕ್ಷೆ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ನೀಲವ್ವ. ಸಾರಿಗೆ ಉಪ್ಪು ಹೆಚ್ಚಾಯಿತು ಎಂಬಷ್ಟು ಸಣ್ಣ ಜಗಳ. ಅದೇ ಸಿಟ್ಟಿನಲ್ಲಿ ಅವಳಿಗೆ ಹೇಳದೆ ಕೇಳದೆ ಹೊರಟು ಬಂದಿದ್ದ. ಈಗಲೂ ಸಂಜೆಯಾದರೆ ಹೊಸ್ತಿಲಲ್ಲಿ ನಿಂತು ಊಟಕ್ಕೆ ಕರೆಯುವ ಅವಳ ದನಿ ಕಿವಿಯಲ್ಲಿ ಸುಳಿಯುತ್ತಿತ್ತು. ನೆತ್ತಿಗೆ ಎಣ್ಣೆ ತಟ್ಟುತ್ತಿದ್ದ ಅವಳ ಕೈ ನೆನಪಾಗುತ್ತಿತ್ತು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಎನಿಸಿ ಅವನಿಗೆ ಅಳು ಬರುತ್ತಿತ್ತು. ಇಂಥ ಮನಸ್ಸಿನಿಂದ ಪಡೆದ ದೀಕ್ಷೆ ಸುಳ್ಳಾಗಿಬಿಟ್ಟರೆ ಎಂಬುದು ಅವನ ಭಯ.

ಗುರುಗಳು ಪೂರ್ವಾಶ್ರಮದಲ್ಲಿ ಇಂಜಿನಿಯರ್ ಆಗಿದ್ದವರು. ಅವರು ಒಂದು ಕತೆ ಹೇಳಿದರು.

ಕಡಲ ಬದಿಯಲ್ಲಿ ಒಂದು ಅಣು ವಿದ್ಯುತ್ ಸ್ಥಾವರವಿತ್ತು. ಅದಕ್ಕೊಬ್ಬ ಮುಖ್ಯಸ್ಥ. ಬುನಾದಿ ತೋಡುವಾಗ ಕೆಲಸಕ್ಕೆ ಸೇರಿದವನು. ಅಲ್ಲಿಯೇ ಅವನ ಕೂದಲು ನರೆಯಿತು. ಸ್ಥಾವರಕ್ಕೂ ವಯಸ್ಸಾಯಿತು, ಮುಚ್ಚಿಬಿಡಿ ಎಂದು ಮೇಲಿನಿಂದ ಆಜ್ಞೆ ಬಂತು. ಗುಂಡಿಯೊತ್ತಿ ಅದರ ಅಣು ಒಲೆಯನ್ನು ಆರಿಸಿದವನೂ ಅವನೇ. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಅವನ ಕಣ್ಣು ತುಂಬಿತು.

ಅಂದು ಕೆಲಸದವರಿಗೆಲ್ಲ ಊಟ ಹಾಕಿಸಿದ. ಹಳೆಯ ದಿನಗಳ ಮಾತು ಎದ್ದಿತು. ಮೊದಲ ದೀಪ ಹೊತ್ತಿದಾಗ ಯಾರು ಕುಣಿದರು, ಯಾರ ಡಬ್ಬಿಯ ಹುರಿದ ಮೀನನ್ನು ಯಾರು ಕದ್ದು ತಿಂದರು ಎಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕರೆಂಟ್ ಹೋದರೆ ಒಲೆಗೆ ನೀರು ಹಾಯಿಸುವ ಪಂಪುಗಳನ್ನು ನಡೆಸಲೆಂದು ಇಟ್ಟಿದ್ದ ಡೀಸೆಲ್ ಜನರೇಟರನ್ನು ಕಾಯುವವರೂ ಪಾಪ ಬಂದು ಉಣ್ಣಲಿ ಎಂದ ಮುಖ್ಯಸ್ಥ. ಇನ್ನೇನು ಕೆಲಸವೆಂದು ಅವರು ಅದರ ಬ್ಯಾಟರಿ ಬಿಚ್ಚಿಟ್ಟು ಬಂದರು. ಅವನು ತಡೆಯಲಿಲ್ಲ. ಅದು ತಪ್ಪೆಂದು ಅವನಿಗೆ ತಿಳಿಯದ್ದೇನೂ ಅಲ್ಲ. ದುಃಖದ ಮುಂದೆ ತಿಳಿದದ್ದು ಮರೆಯಾಗಿತ್ತು.

ಪಾಯಸ ಬಡಿಸುವ ಹೊತ್ತಿಗೆ ಗಾಳಿ ಎದ್ದಿತು. ಹೊರಗಿನ ತಂತಿ ಕಡಿದು ಕರೆಂಟ್ ಹೋಯಿತು, ಪಂಪುಗಳು ನಿಂತವು. ಮುಖ್ಯಸ್ಥ ಎಂಜಲು ಕೈಯಲ್ಲೇ ಎದ್ದ. ಪಕ್ಕದ ಎಲೆಯಲ್ಲಿ ಕೂತಿದ್ದ ಜನರೇಟರಿನವನಿಗೆ ಆಶ್ಚರ್ಯವಾಯಿತು.

“ಒಲೆ ಆರಿಹೋಯ್ತಲ್ಲ ಸಾಹೇಬ್ರೆ, ಇನ್ನೇನು ಅವಸರ?”

“ಬೆಂಕಿ ಆರಿದೆ ಮಾರಾಯ, ಬಿಸಿ ಆರಿಲ್ಲ. ನೀರು ನಿಂತ್ರೆ ಅದು ತನ್ನನ್ನೇ ಸುಟ್ಕೊಳ್ತದೆ. ಆಚೆ ಮೀನುಗಾರರ ಕೇರಿಯನ್ನೂ ಬಿಡೋದಿಲ್ಲ.”

ಎಲ್ಲರೂ ಎಲೆ ಬಿಟ್ಟು ಓಡಿದರು. ಕೆಲವರು ಬ್ಯಾಟರಿ ಜೋಡಿಸಲು ನಿಂತರು, ಕೆಲವರು ಬೆಂಕಿ ನಂದಿಸುವ ಲಾರಿಯ ಕೊಳವೆ ಎಳೆದು ತಂದು ನೀರು ಹಾಯಿಸಿದರು. ಒಳಗೆ ಆಗಲೇ ನೀರು ಕುದಿಯತೊಡಗಿತ್ತು. ಕೊನೆಗೆ ಜನರೇಟರ್ ಗುಡುಗಿತು, ಪಂಪು ತಿರುಗಿತು, ಕೇರಿ ಉಳಿಯಿತು. ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡಿದ್ದ ಮುಖ್ಯಸ್ಥ ಊರಿಗೆ ಹೋಗಲಿಲ್ಲ. ಆ ಬಿಸಿ ಆರುವವರೆಗೆ ವರ್ಷಗಟ್ಟಲೆ ಅಲ್ಲೇ ಇದ್ದು, ಉರಿಯದ ಒಲೆಗೆ ನೀರು ಹಾಯುತ್ತಿದೆಯೇ ಎಂದು ನೋಡಿಕೊಂಡ. ಜನ ಅವನನ್ನು ಹುಚ್ಚ ಎಂದರು.

ಕತೆ ಮುಗಿಯಿತು. ಮುರಿಗೆಪ್ಪನ ಮನಸ್ಸು ಹಗುರಾಯಿತು. ಹಾಗಾದರೆ ನೆನಪು ತಪ್ಪಲ್ಲ, ಒಳಗಿನ ಬಿಸಿ ಆರಲು ಕಾಲ ಬೇಕು, ಮಠದ ಜಪತಪವೇ ಅದಕ್ಕೆ ನೀರು, ನಾಳೆ ನಿಶ್ಚಿಂತೆಯಿಂದ ದೀಕ್ಷೆ ಪಡೆಯುತ್ತೇನೆ ಎಂದು ಕೈಮುಗಿದು ಎದ್ದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: “ನಿನ್ನ ಬಿಸಿಗೆ ಇಲ್ಲಿ ನೀರು ಸಿಕ್ಕಿತು, ಇಷ್ಟು ವರ್ಷ ನೀಲವ್ವನ ಬಿಸಿಗೆ ಅಲ್ಲಿ ನೀರು ಹಾಕಿದವರು ಯಾರು?”