ದೋಣಿ ಬೋಜನ ಮೌನವ್ರತ

ನೀಲಗಿರಿ ಬೆಟ್ಟದ ಮೇಲೊಂದು ಅಣೆಕಟ್ಟು. ಅದರ ಹಿನ್ನೀರಿನ ಟ್ರೌಟ್ ಮೀನುಗಳಿಗೆ ಕಾವಲುಗಾರ, ದೋಣಿ ನಡೆಸುವ ಬೋಜ. ಚಳಿಗಾಲದಲ್ಲಿ ಒಮ್ಮೆ ದೊಡ್ಡ ಸಾಹೇಬರು ಗಾಳ ಹಿಡಿದು ಬಂದು ಅವನ ದೋಣಿ ಹತ್ತಿದರು. ಸಿಕ್ಕ ಮೀನನ್ನೆಲ್ಲ ಬಲೆಚೀಲಕ್ಕೆ ತುಂಬಿ, ಸಾಯದಿರಲೆಂದು ದೋಣಿಯ ಪಕ್ಕ ನೀರಿಗೇ ಇಳಿಬಿಟ್ಟರು.

“ಸ್ವಾಮಿ, ಎಲ್ಲಾ ಮೊಟ್ಟೆ ತುಂಬಿದ ಮೀನು. ಈಗ ಹಿಡೀಬಾರದು. ನನ್ನ ಕೆಲಸ ಹೋಗ್ತದೆ,” ಎಂದ ಬೋಜ.

ಸಾಹೇಬರ ಪ್ರಕಾರ ನಿಯಮ ಎಂದರೆ ಬೇರೆಯವರು ಪಾಲಿಸಬೇಕಾದದ್ದು.

“ಮುಚ್ಚು ಬಾಯಿ! ನೀನು ಮಾತಾಡಿದರೆ ಮೀನು ಓಡಿಹೋಗ್ತವೆ. ದಡ ಸೇರೋವರೆಗೂ ತುಟಿ ಬಿಚ್ಚಬೇಡ.”

ಬೋಜ ತುಟಿ ಬಿಚ್ಚಲಿಲ್ಲ. ಸಾಹೇಬರ ಕಣ್ಣು ಗಾಳದ ಮೇಲಿದ್ದಾಗ ಚೀಲದ ಬಾಯಿಗೆ ಕಟ್ಟಿದ್ದ ದಾರವನ್ನು ಮಾತ್ರ ಮೆಲ್ಲಗೆ ಬಿಚ್ಚಿದ.

ದಡದಲ್ಲಿ ಸಾಹೇಬರ ಹೆಂಡತಿ, ನೆಂಟರೆಲ್ಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿಕೊಂಡು ಕಾದಿದ್ದರು. ಸಾಹೇಬರು ಮೀಸೆ ತಿರುವಿ ಚೀಲ ಎತ್ತಿದರು. ನೀರು ಸೋರಿತು, ಅಷ್ಟೇ. ನೆಂಟರು ಕಿಸಕ್ಕನೆ ನಕ್ಕರು.

“ಲೋ ಕತ್ತೆ! ಮೀನು ಹೋಗಿದ್ದು ನಿನಗೆ ಕಾಣಲಿಲ್ವೇನೋ?”

“ಕಂಡಿತು ಸ್ವಾಮಿ.”

“ಮತ್ಯಾಕೋ ಕೂಗಲಿಲ್ಲ?”

ಬೋಜ ಕೈಕಟ್ಟಿ ನಿಂತ.

“ಕೂಗಿದರೆ ಮೀನು ಓಡಿಹೋಗ್ತವಲ್ಲ ಸ್ವಾಮಿ!”