ಬುಟ್ಟಿಯಡಿಯ ಹೆಜ್ಜೆ

"ಕೊಲೆ ಪತ್ತೆಗೆ ಹೋದಾಗ ಸತ್ತವನ ತಾಯಿ ಕೈ ಹಿಡಿದು, ಕೊಂದವನನ್ನು ಹಿಡಿದೇ ಹಿಡಿಯುತ್ತೇನೆಂದು ಮಾತು ಕೊಡಪ್ಪ ಅನ್ನುತ್ತಾಳೆ. ಕೊಡಬೇಕೋ ಬೇಡವೋ?" ಎಂದು ಪತ್ತೇದಾರನ ಕೆಲಸಕ್ಕೆ ಹೊರಟಿದ್ದ ಶಿಷ್ಯ ಬೋರಲಿಂಗ ಗುರುವನ್ನು ಕೇಳಿದ.

ಗುರು ಹೇಳಿದ:

ಒಬ್ಬ ಹೆಜ್ಜೆಗಾರನಿದ್ದ. ನೆಲದ ಮೇಲಿನ ಹೆಜ್ಜೆ ನೋಡಿ ಕಳ್ಳರನ್ನು ಹಿಡಿಯುವುದು ಅವನ ಕಸುಬು. ಅಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ. ಹೆಜ್ಜೆ ಕಂಡರೆ ಸಾಕು, ಆ ಮನುಷ್ಯ ಬೆಳಿಗ್ಗೆ ಉಂಡ ಮುದ್ದೆ ಬಿಸಿಯಿತ್ತೋ ಆರಿತ್ತೋ ಹೇಳಿಬಿಡುತ್ತಿದ್ದ. ಒಮ್ಮೆ ಹಾರುವ ಕೊಕ್ಕರೆಯ ನೆರಳಿನ ಜಾಡು ಹಿಡಿದು ಮೂರು ಹರದಾರಿ ನಡೆದು, ಕೊಕ್ಕರೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ.

ಒಬ್ಬ ತಾಯಿಯ ಮಗನನ್ನು ಯಾರೋ ಕೊಂದರು. ಹೆಣದ ಪಕ್ಕ ಒಂದು ಹೆಜ್ಜೆ ಮೂಡಿತ್ತು. ಜಾಡು ಅಲ್ಲಿಂದ ಹೊರಟಿತ್ತು. ಮೊದಲ ಹೆಜ್ಜೆ ಕೆಡಬಾರದೆಂದು ಹೆಜ್ಜೆಗಾರ ಕಸುಬಿನ ಪದ್ಧತಿಯಂತೆ ಅದರ ಮೇಲೆ ಬುಟ್ಟಿ ಕವುಚಿ ಹಾಕಿದ. ತಾಯಿಯ ಅಳು ಅವನಿಂದ ನೋಡಲಾಗಲಿಲ್ಲ. "ಈ ಹೆಜ್ಜೆ ಅಳಿಯುವುದರೊಳಗೆ ಅವನನ್ನು ತಂದು ನಿನ್ನ ಮುಂದೆ ನಿಲ್ಲಿಸುತ್ತೇನೆ" ಎಂದ. ತಾಯಿ ಅಳು ನಿಲ್ಲಿಸಿದಳು. ಅವನಿಗೆ ಹಿಗ್ಗಾಯಿತು.

ಹೆಜ್ಜೆಗಾರ ಜಾಡು ಹಿಡಿದು ನಡೆದ. ಹೆಜ್ಜೆಗಳು ಹೊಲ ದಾಟಿದವು. ಹೊಳೆಯ ಮೇಲೆ ಹಾಲಿನ ಕೆನೆಯ ಹಾಗೆ ತೇಲಿದವು. ಹಗಲಲ್ಲೂ ನಿದ್ದೆ ಮಾಡುವ ಊರೊಂದರಲ್ಲಿ ಮಲಗಿದವರ ಕನಸಿನೊಳಗೆ ಹಾದುಹೋದವು. ಅವನೂ ಹಾದುಹೋದ. ಕಡೆಗೆ ಹೆಜ್ಜೆಗಳು ಮಂಜಿನೊಳಗೆ ಹೊಕ್ಕವು. ಮಂಜು ಕರಗಿದಾಗ ಹೆಜ್ಜೆಯೂ ಇರಲಿಲ್ಲ, ದಾರಿಯೂ ಇರಲಿಲ್ಲ. ಅವನು ಹಿಂದಿರುಗುವ ಹೊತ್ತಿಗೆ ಏಳು ಮಳೆಗಾಲ ಕಳೆದಿತ್ತು.

ತಾಯಿ ಬುಟ್ಟಿಯ ಪಕ್ಕದಲ್ಲೇ ಚಪ್ಪರ ಹಾಕಿಕೊಂಡು ಕೂತಿದ್ದಳು. ಮಗನಿಗೆ ಹನ್ನೊಂದನೆಯ ದಿನದ ಎಡೆಯನ್ನೂ ಇಟ್ಟಿರಲಿಲ್ಲ. ಕೊಂದವನು ಸಿಗಲಿ, ಆಮೇಲೆ ಇಟ್ಟರಾಯಿತೆಂದು ಕಾದಿದ್ದಳು. ಕಾಗೆಗಳು ಬಂದು ಬಂದು ಬೇಸತ್ತು ಬೇರೆ ಊರು ಸೇರಿದ್ದವು.

"ಬಾರಪ್ಪ ಕೊಕ್ಕರೆ ಹಿಡಿದವನೇ, ಒಬ್ಬನೇ ಬಂದೆಯಾ?" ಎಂದಳು. "ನಾನು ಹೆಜ್ಜೆ ಅಳಿಯಲು ಬಿಟ್ಟಿಲ್ಲ ಕಣಪ್ಪ. ದಿನಾ ಒದ್ದೆ ಕೈಯಲ್ಲಿ ಅಂಚು ತಿದ್ದಿದ್ದೇನೆ." ಬುಟ್ಟಿ ಎತ್ತಿದಳು.

ಹೆಜ್ಜೆಗಾರ ಬಗ್ಗಿ ನೋಡಿದ. ಅದು ಕೊಂದವನ ಹೆಜ್ಜೆಯಾಗಿ ಉಳಿದಿರಲಿಲ್ಲ. ಅವಳ ಬೆರಳಿಗೆ ಗೊತ್ತಿದ್ದದ್ದು ಒಂದೇ ಪಾದ. ತಿದ್ದಿ ತಿದ್ದಿ ಅದು ಅವಳ ಮಗನ ಪಾದವಾಗಿತ್ತು.

ಇನ್ನೊಂದು ಮಾತು ಕೊಡೋಣವೆಂದು ಅವನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಅವಳ ಪಕ್ಕ ಕೂತ. "ಮಂಜಿನವರೆಗೆ ಹೋದೆ ತಾಯಿ. ಅದರಾಚೆ ನನಗೆ ತಿಳಿಯದು" ಎಂದ.

ತಾಯಿ ಏಳು ವರ್ಷ ತಡೆದಿದ್ದ ಅಳುವನ್ನೆಲ್ಲ ಅತ್ತಳು. ಅತ್ತು ಎದ್ದು, ಒಲೆ ಹಚ್ಚಿ ಅನ್ನ ಮಾಡಿ, ಆ ಪಾದದ ಮುಂದೆ ಎಡೆ ಇಟ್ಟಳು. ಎಲ್ಲಿಂದಲೋ ಒಂದು ಕಾಗೆ ಬಂದು ಮುಟ್ಟಿತು.

ಗುರು ಕತೆಯನ್ನು ಅಲ್ಲಿಗೇ ಬಿಟ್ಟ. ಬೋರಲಿಂಗ ಮುಂದಿನದಕ್ಕೆ ಕಾದ. ಕಾದು ಕಾದು, "ಕೊಂದವನು ಸಿಕ್ಕನೇ?" ಎಂದು ಕೇಳಿದ.

"ನಾನು ಮಾತೇ ಕೊಟ್ಟಿಲ್ಲ, ನೀನಾಗಲೇ ಬುಟ್ಟಿಯ ಪಕ್ಕ ಕೂತಿದ್ದೀಯಲ್ಲ" ಎಂದ ಗುರು.